ರಜೆಯ ಮೇಲಿರುವ ಟ್ಯಾಂಕರ್

ಸತತ ಮೂರನೇ ವರ್ಷವೂ ಮಳೆ ಕರ್ತವ್ಯಕ್ಕೆ ಗೈರುಹಾಜರಾದ ಕಾರಣ, ಬೀದರಿನ ನೌಬಾದದಲ್ಲಿ ಬರ ಟ್ಯಾಂಕರ್ ಉಸ್ತುವಾರಿ ಕೋಶವನ್ನು ತೆರೆಯಲಾಯಿತು. ಸಿಬ್ಬಂದಿಯ ರಜೆಗಳಿಗೆ ಡೇಟಾಬೇಸ್ ಒಂದನ್ನು ರಚಿಸತಕ್ಕದ್ದೆಂದು ಮೊದಲ ಸಭೆಯಲ್ಲೇ ಸರ್ವಾನುಮತದಿಂದ ತೀರ್ಮಾನವಾಯಿತು. ನೀರಿನ ವಿಷಯವನ್ನು ಸಮಯಾಭಾವದಿಂದ ಮುಂದೂಡಲಾಯಿತು.

ಕೆಲಸ ಕಂಪ್ಯೂಟರ್ ಆಪರೇಟರ್ ಶಿವಕಾಂತಾಳ ಪಾಲಿಗೆ ಬಂತು. ಕಮಠಾಣದವಳು, ಗುತ್ತಿಗೆ ನೌಕರಿ. ಗುತ್ತಿಗೆಯವರಿಗೆ ರಜೆಯೇ ಇಲ್ಲವಾದ್ದರಿಂದ ಈಕೆ ರಜೆಯ ವಿಷಯದಲ್ಲಿ ನಿಷ್ಪಕ್ಷಪಾತಿಯಾಗಿರುವಳೆಂದು ಅಧೀಕ್ಷಕ ಹಾವಗೆಪ್ಪನವರು ಕಡತದಲ್ಲಿ ಷರಾ ಬರೆದಿದ್ದರು. ಎಂಟು ದಿನ ಕೂತು ಅವಳು ಎರಡು ಪಟ್ಟಿ ಮಾಡಿದಳು. ಒಂದರಲ್ಲಿ ಬೀದರ್, ಭಾಲ್ಕಿ, ಔರಾದಗಳ ಎಲ್ಲ ನೌಕರರ ಹೆಸರು. ಇನ್ನೊಂದರಲ್ಲಿ ಯಾರು, ಯಾವಾಗ, ಯಾಕೆ ರಜೆ ಹೋದರೆಂಬ ವಿವರ.

ಹಾವಗೆಪ್ಪನವರು ಚಷ್ಮಾ ಏರಿಸಿ ನೋಡಿದರು.

"ಎರಡು ಪಟ್ಟಿ ಯಾಕವ್ವಾ?"

"ಒಂದು ನೌಕರರದ್ದು, ಒಂದು ರಜಾದ್ದು ರೀ."

"ರಜಾ ತಗೊಂಡವರ ಹೆಸರು ಎರಡನೇದ್ರಾಗ ಬಂದೇ ಬರ್ತದಲ್ಲ? ಒಂದೇ ಹೆಸರು ಎರಡು ಕಡಿ ಬರದ್ರ ಆಡಿಟ್‌ನವರು ಸುಮ್ಮ ಬಿಡ್ತಾರೇನು? ಮೊದಲನೇದು ತಗದ್ಹಾಕು."

"ರಜಾನೇ ತಗೊಳ್ಳಾರದವರು ಇದ್ರ ಹ್ಯಾಂಗ್ರಿ?"

ಹಾವಗೆಪ್ಪನವರು ತಮ್ಮ ಮೂವತ್ತೊಂದು ವರ್ಷದ ಸೇವೆಯನ್ನೆಲ್ಲ ಒಮ್ಮೆ ನೆನೆದರು. "ಅಂಥವರನ್ನ ನಾ ಎಲ್ಲೂ ನೋಡಿಲ್ಲ" ಎಂದರು.

ಪಟ್ಟಿ ಹೋಯಿತು. ಡೇಟಾಬೇಸ್ ಉದ್ಘಾಟನೆಯಾಯಿತು. ಔರಾದದ ಉಗ್ರಾಣಪಾಲಕ ಕಾಶೀರಾಮರ ಹೆಸರು ಎಪ್ಪತ್ತೆರಡು ಸಲ ಬಂದದ್ದರಿಂದ, ಕೋಶದ ಅತ್ಯಂತ ದಾಖಲಾರ್ಹ ನೌಕರರೆಂದು ಅವರಿಗೆ ಶಾಲು ಹೊದಿಸಲಾಯಿತು. ಅಂದೇ ಸುತ್ತೋಲೆಯೂ ಹೊರಟಿತು: "ಡೇಟಾಬೇಸಿನಲ್ಲಿ ಹೆಸರಿಲ್ಲದ ವ್ಯಕ್ತಿಯು ನೌಕರನಲ್ಲ. ನೌಕರನಲ್ಲದ ವ್ಯಕ್ತಿಗೆ ಡೀಸೆಲ್ ಚೀಟಿ ನೀಡತಕ್ಕದ್ದಲ್ಲ."

ಸೋಮವಾರ ಭಾಲ್ಕಿಯಿಂದ ಡ್ರೈವರ್ ಪಂಢರಿ ಬಂದ. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸದೆ ಸಾಯಗಾಂವಕ್ಕೆ ನೀರು ಒಯ್ಯುತ್ತಿದ್ದ ಮನುಷ್ಯ. ಶಿವಕಾಂತಾ ಮೂರು ಸಲ ಹುಡುಕಿದಳು. ಹೆಸರಿಲ್ಲ.

"ಪಂಢರಿ ಅಣ್ಣಾ, ಕಂಪ್ಯೂಟರಿನಾಗ ನೀವು ಇಲ್ರಿ."

"ಇಲ್ಲೇ ನಿಂತೇನಲ್ರಿ ಅಕ್ಕೋರ?"

ಅವಳು ಹಾವಗೆಪ್ಪನವರ ಬಳಿ ಓಡಿದಳು.

"ಒಂದು ರಜಾ ಹಾಕು ಅನ್ನು, ಹೆಸರು ಬರ್ತದ."

"ಅವರು ರಜಾ ಹಾಕಿದ್ರ ಗಾಡಿ ಹೊಡಿಯೋರು ಯಾರ್ರಿ?"

"ಅದು ನೀರಿನ ವಿಷಯ. ಇದು ರಜಾದ ವಿಷಯ. ಎರಡೂ ಕಲಸಬ್ಯಾಡ."

ಪಂಢರಿ ಒಪ್ಪಲಿಲ್ಲ. "ಊರಾಗ ಕೊಡ ಪಾಳಿಗಿಟ್ಟು ಕುಂತಾರ್ರಿ. ನಾ ರಜಾದಾಗ ಇದ್ದೇನಿ ಅಂತ ಸುಳ್ಳು ಹ್ಯಾಂಗ ಬರೀಲಿ?" ಎಂದು ಹೊರಟುಹೋದ.

ಟ್ಯಾಂಕರ್ ನಾಲ್ಕು ದಿನ ನಿಂತಿತು. ಐದನೇ ದಿನ ಅವನು ಮತ್ತೆ ಬಂದು ಬೆಂಚಿನ ಮೇಲೆ ಕೂತ. ಹನ್ನೊಂದು ಮನೆಯವರು ಕೀಲಿ ಹಾಕಿ ಹೈದರಾಬಾದಿಗೆ ಹೋದರೆಂದ. ಮುದುಕಿ ಶಾಲುಬಾಯಿ ಮಾತ್ರ ಹೋಗಲಾರದೆ ಖಾಲಿ ಹಂಡೆಯ ಮುಂದೆ ಕೂತಿದ್ದಾಳೆಂದ. ದನಿ ಏರಿಸಲಿಲ್ಲ. ಅವನು ಬೈದಿದ್ದರೆ ಶಿವಕಾಂತಾಳಿಗೆ ಹಗುರಾಗುತ್ತಿತ್ತು. ತಾನು ಅಳಿಸಿದ ಪಟ್ಟಿಯಲ್ಲಿ ಅವನ ಹೆಸರು ಎಷ್ಟನೆಯದಿತ್ತೆಂಬುದೂ ಅವಳಿಗೆ ನೆನಪಿತ್ತು: ಹದಿನಾಲ್ಕು. ಬುತ್ತಿಯ ರೊಟ್ಟಿ ಹಾಗೇ ಮುಚ್ಚಿಟ್ಟು, ರಜೆಯ ಅರ್ಜಿಯನ್ನು ತಾನೇ ತುಂಬಿದಳು. ಅವಧಿ: ಇಂದಿನಿಂದ. ಕಾರಣ: ಸಾಯಗಾಂವಕ್ಕೆ ನೀರು ಒಯ್ಯುವುದು.

"ಇದು ಸುಳ್ಳಲ್ರಿ ಅಣ್ಣಾ. ಸಹಿ ಮಾಡ್ರಿ."

ಪಂಢರಿ ಎರಡು ಸಲ ಓದಿ ಸಹಿ ಮಾಡಿದ. ಹಾವಗೆಪ್ಪನವರು ಓದದೆಯೇ ಮಂಜೂರು ಮಾಡಿದರು. ಹೆಸರು ಬಂತು, ಚೀಟಿ ಬಂತು, ಸಂಜೆಯೊಳಗೆ ಟ್ಯಾಂಕರ್ ಹೋಯಿತು.

ತಿಂಗಳೊಪ್ಪತ್ತಿನಲ್ಲಿ ಆಡಿಟ್ ಆಕ್ಷೇಪಣೆ ಬಂತು: ರಜೆಯಲ್ಲಿರುವ ನೌಕರನು ಸರ್ಕಾರಿ ನೀರನ್ನು ಹಂಚಿದ್ದು ಹೇಗೆ? ಟ್ಯಾಂಕರ್ ಮತ್ತೆ ನಿಲ್ಲುವುದೇನೋ ಎಂದು ಶಿವಕಾಂತಾ ಪಂಢರಿಯ ಅರ್ಜಿಯನ್ನು ತೆಗೆದು ಮತ್ತೊಮ್ಮೆ ಓದಿದಳು. ಆದರೆ ಹಾವಗೆಪ್ಪನವರು ಅನುಭವಸ್ಥರು. ಮಧ್ಯಾಹ್ನದೊಳಗೆ ಹೊಸ ನಿಯಮ ತಂದರು: "ಕೆಲಸ ಮಾಡಬಯಸುವ ನೌಕರರು ಮುಂಚಿತವಾಗಿ ರಜೆ ಮಂಜೂರು ಮಾಡಿಸಿಕೊಂಡು, ರಜೆಯಲ್ಲಿದ್ದುಕೊಂಡೇ ಕೆಲಸ ಮಾಡತಕ್ಕದ್ದು. ರಜೆಯಿಲ್ಲದೆ ಕೆಲಸ ಮಾಡುವುದು ಕಂಡುಬಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು."

ಆಕ್ಷೇಪಣೆ ಮುಕ್ತಾಯವಾಯಿತು. ಎಲ್ಲ ಡ್ರೈವರುಗಳೂ ರಜೆ ಹಾಕಿ ದುಡಿಯತೊಡಗಿದರು. ಕಾಶೀರಾಮರೊಬ್ಬರು ಮಾತ್ರ, ರಜೆಯಲ್ಲಿದ್ದರೆ ದುಡಿಯಬೇಕಾದೀತೆಂದು, ತಮ್ಮ ರಜೆಯನ್ನೆಲ್ಲ ರದ್ದುಪಡಿಸಿಕೊಂಡು ನೆಮ್ಮದಿಯಿಂದ ಮನೆಯಲ್ಲಿ ಉಳಿದರು.

ಒಂದು ಮುಂಜಾನೆ ಶಿವಕಾಂತಾ ಪಂಢರಿಯ ಪಕ್ಕದ ಸೀಟಿನಲ್ಲಿ ಕೂತು ಸಾಯಗಾಂವಕ್ಕೆ ಹೋದಳು. ಕೀಲಿ ಬಿದ್ದ ಹನ್ನೊಂದರಲ್ಲಿ ಮೂರು ಬಾಗಿಲು ತೆರೆದಿದ್ದವು. ಶಾಲುಬಾಯಿ ಪೈಪಿನ ಬಾಯಿಗೆ ಕೊಡ ಹಿಡಿದು ಕೇಳಿದಳು:

"ಪಂಢರಿ, ಇವತ್ತೂ ನಿನಗ ರಜಾ ಅದ ಏನಪ್ಪಾ?"

"ಅದ ಆಯಿ."

"ನಾಳಿಗಿ?"

"ನಾಳಿಗೂ ಅದ."

"ಹಂಗಿದ್ರ ಛಲೋ ಆತು," ಮುದುಕಿ ಕೊಡ ಎತ್ತಿಕೊಂಡಳು. "ನಾಳಿಗೂ ನೀರು ಬರ್ತದ."