ಅರಿಶಿನಕ್ಕೆ ಹೊಡೆದ ಅಲಾರಂ

ನನ್ನ ಬಗ್ಗೆ ನನಗೆ ದೊಡ್ಡ ಭ್ರಮೆಗಳೇನೂ ಇಲ್ಲ. ಆದರೆ ಒಂದು ಲೋಟ ಹಳದಿ ನೀರನ್ನು ಕೆಂಪು ಮಾಡಿ ತೋರಿಸುವುದಕ್ಕೆ ನನಗಿಂತ ಯೋಗ್ಯ ಮನುಷ್ಯ ಇಡೀ ಕತಾರಿನಲ್ಲಿ ಸಿಗಲಾರ ಎಂದು ಮಾತ್ರ ಬಲವಾಗಿ ನಂಬಿದ್ದೆ.

ದೋಹಾದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ರಸಾಯನಶಾಸ್ತ್ರದ ಲ್ಯಾಬ್ ಸೂಪರ್‌ವೈಸರ್. ಹೆಸರಿಗೆ ತೂಕವಿದೆ. ಕೆಲಸವೆಂದರೆ ಬಾಟಲಿಗಳಿಗೆ ಲೇಬಲ್ ಅಂಟಿಸುವುದು, ಸಂಜೆ ಬೀಗ ಹಾಕುವುದು, ಬೀಗ ಹಾಕಿದೆನೋ ಇಲ್ಲವೋ ಎಂದು ಪಾರ್ಕಿಂಗಿನಿಂದ ವಾಪಸು ಹೋಗಿ ನೋಡುವುದು. ಹೆಂಡತಿ ಸುಮಾ, ಮಗಳು ಪೂರ್ವಿ ಮೈಸೂರಿಗೆ ಹೋದ ಮೇಲೆ ಮುಐದರ್ ಎಂಬ ಬಡಾವಣೆಯ ಒಂದು ವಿಲ್ಲಾದಲ್ಲಿ ರೂಮು ಮಾಡಿಕೊಂಡಿದ್ದೇನೆ. ಹತ್ತನೇ ಕ್ಲಾಸು ಅಲ್ಲೇ ಆಗಲಿ, ಮುಂದೆ ಪಿಯುಸಿಗೆ ಅನುಕೂಲ ಎಂದು ನಿರ್ಧರಿಸಿದವನು ನಾನೇ. ದೂರದೃಷ್ಟಿ! ಅದರ ಫಲವಾಗಿ ಈಗ ಮಗಳನ್ನು ದೂರದಿಂದಲೇ ನೋಡುತ್ತೇನೆ.

ಇಲ್ಲಿ ವಾರದ ರಜೆ ಭಾನುವಾರವಲ್ಲ, ಶುಕ್ರವಾರ. ಅಂದು ನನ್ನ ರೂಮಿನಲ್ಲಿ ಮಾತಾಡುವುದು ಕುಕ್ಕರ್ ಒಂದೇ. ಅದು ಕೂಗಿದಾಗ ನಾನು "ಬಂದೆ ಬಂದೆ" ಎಂದು ಉತ್ತರ ಕೊಟ್ಟಿದ್ದೂ ಉಂಟು. ಆಮೇಲೆ ವೀಡಿಯೋ ಕಾಲ್.

"ಊಟ ಆಯ್ತಾ ಪುಟ್ಟಾ?"

"ಹ್ಞೂಂ."

"ಓದ್ತಿದ್ದೀಯಾ?"

"ಹ್ಞೂಂ."

"ಮತ್ತೆ?"

"ಅಮ್ಮಂಗೆ ಕೊಡ್ತೀನಿ."

ಇಷ್ಟೇ. ಇದೇ ಹುಡುಗಿ ಇಲ್ಲಿದ್ದಾಗ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಪ್ರಾಣ ತಿನ್ನುತ್ತಿದ್ದಳು. ಸಮುದ್ರಕ್ಕೆ ಉಪ್ಪು ಹಾಕಿದ್ಯಾರು, ಒಂಟೆಗೆ ಬಿಕ್ಕಳಿಕೆ ಬರುತ್ತಾ, ಸಿಗ್ನಲ್ ದೀಪದ ಒಳಗೆ ಯಾರು ಕೂತಿದ್ದಾರೆ! "ಸ್ವಲ್ಪ ಸುಮ್ನಿರ್ತೀಯಾ" ಎಂದು ಗದರುತ್ತಿದ್ದೆ. ಈಗ ಸುಮ್ಮನಿದ್ದಾಳೆ. ಅವಳು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಲಿ, ಯಾವುದಾದರೂ ಸರಿ, ಎಂಬುದು ನನ್ನ ಜೀವನದ ಏಕೈಕ ಗುರಿಯಾಗಿಬಿಟ್ಟಿತ್ತು.

ಆಗಲೇ ನಮ್ಮ ವಿಭಾಗದಲ್ಲಿ ಶಾಲಾ ಮಕ್ಕಳ ದಿನ ಬಂತು. ಒಂದು ಶನಿವಾರ ಶಾಲೆಯ ಹುಡುಗರನ್ನು ಕರೆಸಿ, ಬಣ್ಣ ಬದಲಿಸಿ, ಹೊಗೆ ಎಬ್ಬಿಸಿ, ರಸಾಯನಶಾಸ್ತ್ರವೆಂದರೆ ಮಜವಪ್ಪ ಎಂದು ನಂಬಿಸಿ ಕಳಿಸುವ ಕಾರ್ಯಕ್ರಮ. ಆಮ್ಲ ಯಾವುದು, ಕ್ಷಾರ ಯಾವುದು ಎಂದು ತೋರಿಸಲು ಪ್ರತಿ ಸಲ ಕೆನ್ನೀಲಿ ಕೋಸಿನ ರಸ ಬಳಸುತ್ತಿದ್ದರು. ಈ ಸಲ ಸಿದ್ಧತೆಯ ಮೀಟಿಂಗಿನಲ್ಲಿ ನಾನು ಎದ್ದು ನಿಂತೆ. "ಅರಿಶಿನದಲ್ಲಿ ಮಾಡೋಣ. ನಾನೇ ಮಾಡ್ತೀನಿ" ಎಂದೆ.

ಕಾರ್ಯಕ್ರಮದ ಮುಖ್ಯಸ್ಥೆ ಡಾಕ್ಟರ್ ಮರಿಯಂ ಕನ್ನಡಕದ ಮೇಲಿಂದ ನೋಡಿದರು. ನಾನು ಮೀಟಿಂಗಿನಲ್ಲಿ ಬಾಯಿ ಬಿಟ್ಟದ್ದನ್ನು ಅವರು ಕಂಡಿರಲೇ ಇಲ್ಲ.

ನನ್ನ ಲೆಕ್ಕ ಬೇರೆ ಇತ್ತು. ಪೂರ್ವಿಯ ಪ್ರತಿ ಹುಟ್ಟುಹಬ್ಬಕ್ಕೂ ಸುಮಾ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಕದಡಿ ಕೆಂಪು ಆರತಿ ಎತ್ತಿ ದೃಷ್ಟಿ ತೆಗೆಯುತ್ತಿದ್ದಳು. ಆ ಕೆಂಪು ಎಲ್ಲಿಂದ ಬರುತ್ತದೆ ಎಂದು ಅಪ್ಪ ವಿಶ್ವವಿದ್ಯಾಲಯದಲ್ಲಿ ನಿಂತು ವಿವರಿಸುತ್ತಾನೆ, ಮಗಳು ಮೈಸೂರಿನಿಂದ ವೀಡಿಯೋದಲ್ಲಿ ನೋಡುತ್ತಾಳೆ, ತಡೆಯಲಾರದೆ ಒಂದು ಪ್ರಶ್ನೆ ಕೇಳುತ್ತಾಳೆ! ಯೋಜನೆ ನಿರ್ದುಷ್ಟವಾಗಿತ್ತು.

"ನೀವು ಮಕ್ಕಳ ಮುಂದೆ ನಿಂತು ಮಾತಾಡ್ತೀರಾ?" ಸುಮಾ ಫೋನಿನಲ್ಲೇ ನಕ್ಕಳು. "ನಮ್ಮ ತಮ್ಮನ ಮದುವೇಲಿ ಮೈಕ್ ಕೈಗೆ ಕೊಟ್ಟಿದ್ದಕ್ಕೆ ನೀರು ಕುಡಿದು ಬರ್ತೀನಿ ಅಂತ ಹೋದೋರು ಊಟಕ್ಕೇ ಬಂದಿದ್ದು."

"ಅದು ಬೇರೆ ಕಣೇ. ಇದು ವಿಜ್ಞಾನ. ಅವಳನ್ನ ಮಾತ್ರ ಕೂರಿಸು."

"ಕೂರಿಸ್ತೀನಿ ಬಿಡಿ. ಟೆಸ್ಟ್ ಇದೆ ಅಂತ ಮುಖ ಊದಿಸ್ಕೊಂಡಿದ್ದಾಳೆ."

ಪಕ್ಕದ ರೂಮಿನ ಹಮೀದ್ ಭಾಯ್ ಪುತ್ತೂರಿನವರು, ದೋಹಾ ಅಲ್ ಜದೀದಾದಲ್ಲಿ ಕಿರಾಣಿ ಅಂಗಡಿ. ಅರಿಶಿನ ತಂದುಕೊಟ್ಟವರು ಅವರೇ.

"ಇಷ್ಟು ಎಂತಕ್ಕೆ ಮಾರಾಯ್ರೆ? ಮದುವೆ ಉಂಟಾ?"

"ಬಣ್ಣ ಸರಿಯಾಗಿ ಬರದೆ ಹೋದ್ರೆ?"

"ಅರಿಶಿನ ಬಣ್ಣ ಬಿಡದೆ ಇರ್ತದಾ? ನೀವು ಬೆಳಿಗ್ಗೆ ಸೂರ್ಯ ಹುಟ್ಟದಿದ್ರೆ ಅಂತ ಟಾರ್ಚ್ ಇಟ್ಕೊಳ್ಳುವ ಜನ!"

ಚಿಂತೆ ನನ್ನ ಹುಟ್ಟುಗುಣ. ಬಣ್ಣ ತೆಳುವಾದರೆ ಎಂದು ಹೆದರಿ ಅರಿಶಿನವನ್ನು ಸ್ಪಿರಿಟ್‌ನಲ್ಲಿ ನೆನೆಸಿ, ಸೋಸಿ, ದೊಡ್ಡ ಫ್ಲಾಸ್ಕಿನ ತುಂಬ ದಟ್ಟ ದ್ರಾವಣ ಮಾಡಿದೆ. ಹುಡುಗರ ಕಣ್ಣಿಗೆ ಬಿದ್ದರೆ ಎಂದು ಕನ್ನಡಕ ಇಟ್ಟೆ. ಕೈಗೆ ತಾಗಿದರೆ ಎಂದು ಗ್ಲೌಸ್ ಇಟ್ಟೆ. ಬೆಂಕಿ ಹತ್ತಿದರೆ ಎಂದು ಕಂಬಳಿ ಇಟ್ಟೆ. ಲ್ಯಾಬಿನ ಬಿಳಿ ಕೋಟುಗಳಲ್ಲಿ ಧೂಳಿದ್ದು ಯಾರಾದರೂ ಆಕ್ಷೇಪಿಸಿದರೆ ಎಂದು ಅಷ್ಟೂ ಕೋಟುಗಳನ್ನು ಲಾಂಡ್ರಿಗೆ ಕಳಿಸಿದೆ.

ಶನಿವಾರ ಬೆಳಿಗ್ಗೆ ಲಾಂಡ್ರಿಗೆ ಫೋನ್ ಮಾಡಿದರೆ ಆ ಕಡೆಯವನು ಪ್ರಶಾಂತವಾಗಿ "ಬುಕ್ರಾ" ಎಂದ. ಅಂದರೆ ನಾಳೆ!

ಅಷ್ಟರಲ್ಲಿ ಹುಡುಗರು ಬಂದೇಬಿಟ್ಟರು. ಎಲ್ಲರೂ ಕಾಲಿನವರೆಗೆ ಇಳಿಬಿಟ್ಟ ತೋಬ್ ಎಂಬ ಅರಬ್ಬೀ ನಿಲುವಂಗಿ ತೊಟ್ಟಿದ್ದರು. ಇಸ್ತ್ರಿ ಮಾಡಿದ, ಗರಿಗರಿಯಾದ, ಕಣ್ಣು ಕುಕ್ಕುವ ಬಿಳಿ! ನಾನು ತೊದಲುತ್ತ ಮರಿಯಂ ಮೇಡಂಗೆ ಕೋಟಿನ ವಿಷಯ ಹೇಳಿದೆ. ಅವರು ಗಡಿಯಾರ ನೋಡಿಕೊಂಡರು.

"ಬರೀ ಅಡುಗೆಮನೆ ಸಾಮಾನು ಅಂತ ನೀವೇ ಅಂದ್ರಲ್ಲ? ಯಲ್ಲಾ, ಶುರು ಮಾಡಿ."

ಶುರು ಮಾಡಿದೆ. ಫೋನನ್ನು ಲೋಹದ ಸ್ಟ್ಯಾಂಡಿನ ಕ್ಲಾಂಪಿಗೆ ಸಿಕ್ಕಿಸಿ ಪೂರ್ವಿಗೆ ಕಾಣುವಂತೆ ತಿರುಗಿಸಿದೆ. ತೆರೆಯ ಮೇಲೆ ಅವಳ ಮುಖ. ಏನನ್ನೋ ಜಗಿಯುತ್ತಿದ್ದಳು. ಹಳದಿ ನೀರಿಗೆ ಸುಣ್ಣದ ತಿಳಿ ಬಿಟ್ಟೆ. ರಕ್ತಗೆಂಪು! "ವಲ್ಲಾ!" ಎಂದರು ಹುಡುಗರು. ನಿಂಬೆರಸ ಹಿಂಡಿದೆ. ಮತ್ತೆ ಹಳದಿ! ಚಪ್ಪಾಳೆ! ಬೇರೆಯವರ ಮದುವೆಯಲ್ಲಿ ಬಿಟ್ಟರೆ ನಾನು ನಿಂತ ಕಡೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಫೋನಿನತ್ತ ನೋಡಿದೆ. ಪೂರ್ವಿ ಜಗಿಯುವುದನ್ನು ನಿಲ್ಲಿಸಿದ್ದಳು. ತುಟಿ ತೆರೆದಿದ್ದಳು. ಅವಳು ಏನೋ ಕೇಳಲಿದ್ದಳು!

"ಏನು ಪುಟ್ಟಾ?" ಎಂದು ನಾನು ಫೋನಿನ ಕಡೆ ಬಾಗಿದೆ.

ನಾನು ಬಾಗಿದೆ, ಮೊಣಕೈ ಬಾಗಲಿಲ್ಲ. ಅದು ಫ್ಲಾಸ್ಕಿಗೆ ತಾಗಿತು. ನನ್ನ ಮುಂದಾಲೋಚನೆಯ ಅಷ್ಟೂ ಅರಿಶಿನ ಮೇಜಿನ ಮೇಲಿಂದ ಹಾರಿ ಮುಂದಿನ ಸಾಲಿನ ಹುಡುಗರ ಎದೆಗೆ ಅಭಿಷೇಕವಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬರೀ ಎಡವಟ್ಟು ಮನುಷ್ಯ ಎನಿಸಿಕೊಳ್ಳುತ್ತಿದ್ದೆ. ನಾನು ನಿಲ್ಲಿಸಲಿಲ್ಲ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ ಎಂದು ಆಗಷ್ಟೇ ಭಾಷಣ ಮಾಡಿದ ಬಾಯಿ ನನ್ನದೇ. ಆದರೆ ಕೈಗಳು ಬಾಯಿಯ ಮಾತು ಕೇಳಿರಲಿಲ್ಲ. ಬಟ್ಟೆಗೆ ಕಲೆಯಾದರೆ ಸೋಪು ಎಂಬುದಷ್ಟೇ ಅವುಗಳಿಗೆ ಗೊತ್ತು. ಸಿಂಕಿನ ಪಕ್ಕದ ಬಟ್ಟೆ ಸೋಪು ತಂದು ಮೊದಲ ಹುಡುಗನ ಎದೆಯನ್ನು ಗಸಗಸ ಉಜ್ಜಿದೆ.

ಸೋಪು ಕ್ಷಾರ.

ಹುಡುಗ ಕೆಳಗೆ ನೋಡಿಕೊಂಡ. ಎದೆಯ ತುಂಬ ಕೆಂಪು! ಅವನು ಕೂಗಿದ ಕೂಗಿಗೆ ಕಾರಿಡಾರಿನಲ್ಲಿದ್ದ ಅವರ ಮೇಷ್ಟ್ರು ಬಾಗಿಲಿಗೆ ಬಂದರು. ಅವರಿಗೆ ಕಂಡದ್ದಿಷ್ಟು: ಎದೆ ಕೆಂಪಾದ ವಿದ್ಯಾರ್ಥಿ, ಅವನ ಮುಂದೆ ಕೆಂಪು ಕೈಗಳ ನಡುವಯಸ್ಸಿನ ಅಪರಿಚಿತ. ಮೇಷ್ಟ್ರು ಪ್ರಶ್ನೆ ಕೇಳುತ್ತ ಕಾಲಹರಣ ಮಾಡಲಿಲ್ಲ. ಗೋಡೆಯ ಅಲಾರಂ ಒತ್ತಿದರು.

ಇಡೀ ಕಟ್ಟಡ ಖಾಲಿಯಾಯಿತು. ಗ್ರಂಥಾಲಯದವರು, ಕ್ಯಾಂಟೀನಿನವರು, ಮೇಲಿನ ಮಹಡಿಯಲ್ಲಿ ಯಾವುದೋ ಗಹನ ಸಭೆ ನಡೆಸುತ್ತಿದ್ದವರು, ಎಲ್ಲರೂ ಪಾರ್ಕಿಂಗಿನ ಬಿಸಿಲಿಗೆ ಬಂದು ನಿಂತರು. ಒಂದು ಡಬ್ಬಿ ಅರಿಶಿನಕ್ಕೆ! ನಾನು ಮಾತ್ರ ಸತ್ಯಪ್ರತಿಪಾದನೆಗಾಗಿ ಅರ್ಧ ನಿಂಬೆಹಣ್ಣು ಹಿಡಿದು ಆ ಹುಡುಗನ ಹಿಂದೆ ಓಡಿದೆ. ಕೆಂಪು ಕೈಯ ಮನುಷ್ಯ ಅಟ್ಟಿಸಿಕೊಂಡು ಬಂದರೆ ಯಾರು ತಾನೇ ನಿಲ್ಲುತ್ತಾರೆ? ಅವನು ಬಸ್ಸಿನ ಸುತ್ತ ಓಡಿದ. ನಾನೂ ಓಡಿದೆ. ಕೊನೆಗೆ ಮೇಷ್ಟ್ರು ನಡುವೆ ನಿಂತರು. ಅವರ ಕಣ್ಣೆದುರೇ ನಿಂಬೆ ಉಜ್ಜಿದೆ. ಕೆಂಪು ಹೋಗಿ ಹಳದಿಯಾಯಿತು. ಹುಡುಗರು ಹೋ ಎಂದು ಕುಣಿದರು. "ನಂಗೂ ಹಚ್ಚಿ, ನಂಗೂ ಹಚ್ಚಿ" ಎಂದು ಎದೆಯೊಡ್ಡಿ ಸಾಲುನಿಂತರು. ಹುಡುಗರ ಮಟ್ಟಿಗೆ ಕಾರ್ಯಕ್ರಮ ಭರ್ಜರಿ ಯಶಸ್ಸು.

ಮರಿಯಂ ಮೇಡಂ ಕುಣಿಯಲಿಲ್ಲ. "ಖಲಾಸ್, ಮಿಸ್ಟರ್ ಶ್ರೀಕಂಠ. ನಾಳೆ ಬೆಳಿಗ್ಗೆ ನನ್ನ ಆಫೀಸಿಗೆ ಬನ್ನಿ" ಎಂದರು.

ಒಳಗೆ ಹೋದಾಗ ಫೋನು ಕ್ಲಾಂಪಿನಲ್ಲಿ ನೇತಾಡುತ್ತಿತ್ತು. ಚಾರ್ಜು ಮುಗಿದು ಕಪ್ಪಾಗಿತ್ತು. ಅವಳು ಏನು ಕೇಳಲಿದ್ದಳೋ!

ಸಂಜೆ ಸುಮಾಗೆ ಎಲ್ಲ ಒಪ್ಪಿಸಿದೆ. "ಕೆಲಸಕ್ಕೇ ಸಂಚಕಾರ ಕಣೇ" ಎಂದೆ.

"ಹೋದ್ರೆ ಹೋಗ್ಲಿ ಬಿಡ್ರೀ" ಎಂದಳು. ಅವಳ ದನಿಯಲ್ಲಿ ಗಾಬರಿ ಇಲ್ಲದ್ದು ಕಂಡು ನನಗೆ ಇನ್ನೂ ಗಾಬರಿಯಾಯಿತು. "ಪೂರ್ವಿಗೆ ಕೊಡು" ಎಂದರೆ, ಅವಳು ಏನೋ ಕೆಲಸ ಮಾಡ್ತಿದ್ದಾಳೆ, ಕರೆದರೂ ಬರ್ತಿಲ್ಲ ಎಂದಳು.

ಹಮೀದ್ ಭಾಯ್ ಚಹಾ ತಂದರು. "ಅರಿಶಿನ ಚೆಲ್ಲಿದ್ದಕ್ಕೆ ಯಾರನ್ನಾದ್ರೂ ಪ್ಲೇನ್ ಹತ್ತಿಸಿದ್ದುಂಟಾ? ಸುಮ್ಮನೆ ಮಲಗಿ ಮಾರಾಯ್ರೆ."

ನಾನು ಮಲಗುವ ಮೊದಲು ಎಲ್ಲ ದೇವರಿಗೂ ಹರಕೆ ಹೊತ್ತೆ. ಕೆಲಸ ಉಳಿಸಪ್ಪಾ, ಉಳಿಸಪ್ಪಾ!

ದೇವರು ಉಳಿಸಿದ. ಭಾನುವಾರ ಮರಿಯಂ ಮೇಡಂ ಒಂದು ಎಚ್ಚರಿಕೆ ಕೊಟ್ಟು, ಇನ್ನು ಮುಂದೆ ನಾನು ಮಕ್ಕಳ ಕಣ್ಣಿಗೆ ಬೀಳದೆ ಬಾಟಲಿಗಳ ಜೊತೆಗಷ್ಟೇ ಇರತಕ್ಕದ್ದು ಎಂದು ಅಪ್ಪಣೆ ಮಾಡಿದರು. ಹೊರಗೆ ಬಂದು ಉಸಿರು ಬಿಡುವಷ್ಟರಲ್ಲಿ ಫೋನು. ಪೂರ್ವಿ! ಅವಳಾಗಿಯೇ ಮಾಡಿದ್ದಳು!

"ಅಪ್ಪ, ಒಂದು ಕೇಳ್ಲಾ?"

ಪ್ರಶ್ನೆ! "ಕೇಳು ಪುಟ್ಟಾ, ಎಷ್ಟು ಬೇಕಾದ್ರೂ ಕೇಳು. ಸುಣ್ಣದ್ದಾ? ಅರಿಶಿನದ್ದಾ?"

"ಅದಲ್ಲ. ನಿನ್ ಜಾಬ್ ಹೋಯ್ತಾ?"

"ಇಲ್ಲ! ಬರೀ ವಾರ್ನಿಂಗ್ ಅಷ್ಟೇ! ಕೆಲಸ ಉಳೀತು!" ನಾನು ಗೆದ್ದವನಂತೆ ಕೂಗಿದೆ.



"ಓ" ಎಂದಳು. "ಇಲ್ಲ, ಅಮ್ಮ ಹೇಳಿದ್ಳು, ಹೋಗ್ಬಹುದು ಅಂತ. ಅದಕ್ಕೆ ನಾನು ಇಲ್ಲಿ ಮನೇಲಿ ನಿನ್ ಟೇಬಲ್ ಮೇಲಿಂದ ನನ್ ಬುಕ್ಸ್ ಎಲ್ಲಾ ತೆಗೆದಿಟ್ಟಿದ್ದೆ. ಸರಿ ಅಪ್ಪ. ಅಮ್ಮಂಗೆ ಕೊಡ್ತೀನಿ."

ನಾನು ಕಾರಿಡಾರಿನಲ್ಲಿ ನಿಂತೇ ಇದ್ದೆ. ಒಂದು ಕಟ್ಟಡ ಖಾಲಿ ಮಾಡಿಸಿದೆ, ಹುಡುಗರನ್ನು ಅಟ್ಟಿಸಿಕೊಂಡು ಹೋದೆ, ವಿಭಾಗದ ಮಾನ ಹರಾಜು ಹಾಕಿದೆ. ಇಷ್ಟೆಲ್ಲ ಮಾಡಿಯೂ ಕೆಲಸದಿಂದ ತೆಗೆಸಿಕೊಳ್ಳಲಾಗಲಿಲ್ಲ! ಒಂದು ಅನಾಹುತವನ್ನಾದರೂ ನೆಟ್ಟಗೆ ಪೂರೈಸುವ ಯೋಗ್ಯತೆ ಬೇಡವೇ ಮನುಷ್ಯನಿಗೆ?

ಲ್ಯಾಬಿಗೆ ಹೋಗಿ ಲೇಬಲ್ ಅಂಟಿಸತೊಡಗಿದೆ.