ಗಿಲಗಿಲ ಎಂದ ಚಂದ್ರ

ಚನ್ನಪಟ್ಟಣದಲ್ಲಿ ಇಪ್ಪತ್ತು ವರ್ಷ ಮರದ ಗೊಂಬೆ ಮಾಡಿದವನಿಗೆ ಒಂದು ಭೂಮಿ, ಒಂದು ಚಂದ್ರ ಯಾವ ಲೆಕ್ಕ? ಎಂಟನೇ ಕ್ಲಾಸಿನ ಮಗಳು ರಮ್ಯ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಬೇಕೆಂದಾಗ ಎದೆಯುಬ್ಬಿಸಿ ಒಪ್ಪಿಕೊಂಡೆ.

"ಅಪ್ಪ, ಚಂದ್ರ ಹಿಡ್ಕೊಂಡಿರೋದ್ರಿಂದ್ಲೇ ಭೂಮಿ ಜಾಸ್ತಿ ಓಲಾಡಲ್ವಂತೆ. ಇಲ್ದಿದ್ರೆ ಮಳೆ, ಚಳಿ ಎಲ್ಲಾ ಅಡ್ಡಾದಿಡ್ಡಿ ಆಗಿ ನಾವು ಬದುಕೋದೇ ಕಷ್ಟ ಆಯ್ತಿತ್ತೇನೋ," ಎಂದಳು. ಪಾಪ, ಹೋದ ವರ್ಷ ಎಲ್ಲರೆದುರು ಮಾತು ಮರೆತು ಅತ್ತಿದ್ದವಳು. ಈ ಸಲ ಹದಿನೈದು ದಿನದಿಂದ ಕನ್ನಡಿ ಮುಂದೆ ಅಭ್ಯಾಸ ನಡೆಸಿದ್ದಳು.

"ನೀನು ಮಾತು ನೋಡ್ಕೊ ಮಗ. ಭೂಮಿ ಓಲಾಡ್ದಂಗೆ ನಾನು ನೋಡ್ಕೊತೀನಿ!"

ತೆಳ್ಳನೆಯ ಮರದ ಪಟ್ಟಿಯ ಒಂದು ತುದಿಗೆ ಭೂಮಿ, ಇನ್ನೊಂದಕ್ಕೆ ಚಂದ್ರ, ನಡುವೆ ಪುಟ್ಟ ಕಂಬಕ್ಕೆ ಸೇರಿಸಿ ಮೊಳೆ. ತೂಕ ನೋಡಿ ಕೂರಿಸಿದೆ. ತಿರುಗಿಸಿದರೆ ನೆಟ್ಟಗೆ ಸುತ್ತುತ್ತಿತ್ತು. ಅಲ್ಲಿಗೇ ಬಿಡಬೇಕಿತ್ತು! ಆದರೆ ಪ್ರದರ್ಶನದ ದಿನ ಬೆಳಗ್ಗೆ ಬೂದುಬಣ್ಣದ ಚಂದ್ರ ಯಾಕೋ ಮಂಕಾಗಿ ಕಂಡ. ಊರಿನ ಮಾನದ ಪ್ರಶ್ನೆ! ಇನ್ನೊಬ್ಬ ಚಂದ್ರನನ್ನು ಲೇತಿನಲ್ಲಿ ಕಡೆದು, ಹಳದಿ ಅರಗು ಹಚ್ಚಿ ಫಳಫಳ ಹೊಳೆಯಿಸಿ ಸಿಕ್ಕಿಸಿದೆ.

ಶಾಲೆಯಲ್ಲಿ ರಮ್ಯ ಪಟ್ಟಿ ತಿರುಗಿಸಿದಳು. ಭೂಮಿ ದಡಕ್ಕನೆ ವಾಲಿ ಮೇಜಿಗೆ ಬಡಿಯಿತು. ಚಂದ್ರ ಮೇಲಕ್ಕೇರಿ "ಗಿಲಗಿಲ" ಎಂದ!

ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡರು. "ಚಂದ್ರನ ಮೇಲೆ ಗಾಳಿಯೇ ಇಲ್ಲವಲ್ಲ, ಈ ಸದ್ದು ಎಲ್ಲಿಂದ ಬಂತಮ್ಮ?"

ಆಗ ನನಗೆ ಹೊಳೆಯಿತು. ಆ ವಾರವೆಲ್ಲ ಮಕ್ಕಳ ಗಿಲಕಿ ಮಾಡುತ್ತಿದ್ದೆ. ಕೈ ತನ್ನ ಪಾಡಿಗೆ ಚಂದ್ರನನ್ನೂ ಟೊಳ್ಳು ಮಾಡಿ ಹಗುರಾಗಿಸಿ, ಒಳಗೆ ನಾಲ್ಕು ಸಣ್ಣ ಕಲ್ಲು ಹಾಕಿಬಿಟ್ಟಿತ್ತು. ಇಪ್ಪತ್ತು ವರ್ಷ ಕೇಳಿದ ಸದ್ದು, ಸಿಕ್ಕಿಸುವಾಗ ನನ್ನ ಕಿವಿಗೆ ಬೀಳಲೇ ಇಲ್ಲ! ರಮ್ಯ ಹೋದ ವರ್ಷದ ಹಾಗೇ ಅಳಲು ಶುರುಮಾಡಿದಳು.

ಹೆದ್ದಾರಿ ಪಕ್ಕದ ಹೊಸ ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ ನನ್ನ ಹೆಂಡತಿ ಜಯಮ್ಮ ಊಟದ ಡಬ್ಬಿ ತೆರೆದಳು.

"ಏನೇ ಇದು, ಊಟ ಮಾಡೋ ಹೊತ್ತಾ?"

"ನೀವು ಒಸಿ ಸುಮ್ಕಿರಿ!" ಎಂದವಳೇ ರಾಗಿಮುದ್ದೆ ಮುರಿದು ಚಂದ್ರನಿಗೆ ಮೆತ್ತಿದಳು. ಸಾಲದೆಂದು ಇನ್ನೊಂದು ತುತ್ತು. ಭೂಮಿ ಮೆಲ್ಲಗೆ ಮೇಲೆದ್ದು ನೆಟ್ಟಗೆ ನಿಂತಿತು.

ರಮ್ಯ ಕಣ್ಣೊರೆಸಿಕೊಂಡಳು. "ನೋಡಿ ಸಾರ್, ಚಂದ್ರ ಹಗುರ ಆದ್ರೆ ಭೂಮಿ ಗತಿ ಹಿಂಗೇ!" ಎಂದು ಶುರುಮಾಡಿ, ಒಂದಕ್ಷರ ಮರೆಯದೆ ಎಲ್ಲ ಹೇಳಿಬಿಟ್ಟಳು. ಎರಡನೇ ಬಹುಮಾನ!

ಅಂದಿನಿಂದ ಹುಣ್ಣಿಮೆ ಬಂದರೆ ಮೇಲಿನ ಚಂದ್ರನಿಗೊಂದು, ಮನೆಯ ಜಯಮ್ಮನಿಗೊಂದು ಮನಸಾರೆ ನಮಸ್ಕಾರ ಹಾಕುತ್ತೇನೆ. ಇವರಿಬ್ಬರಿಲ್ಲದಿದ್ದರೆ ನನ್ನ ಬದುಕು ಎಂದೋ ಮೇಜಿಗೆ ಬಡಿಯುತ್ತಿತ್ತು.

ಅಂದಹಾಗೆ, ನನ್ನ ಹೊಳೆಯುವ ಚಂದ್ರನನ್ನೂ ಒಬ್ಬರು ಮೆಚ್ಚಿದರು. ಯಾರದೋ ಕಂಕುಳಲ್ಲಿದ್ದ ಕೂಸು. ಕಿತ್ತುಕೊಂಡು ಮುದ್ದೆ ಸಮೇತ ಬಾಯಿಗಿಟ್ಟುಕೊಂಡಿತು!