ನಮ್ಮ ಟೀವಿಯ ಮೇಲೆ ಅನುಮಾನ

ಸಿಟ್ಟು ಬಂದಾಗ ಬರೆಯಬಾರದು ಎಂದು ದೊಡ್ಡವರು ಹೇಳುತ್ತಾರೆ. ಅವರ ಮನೆಯ ಕಂಪ್ಯೂಟರ್ ಅವರನ್ನು ಕಳ್ಳ ಎಂದಿರಲಾರದು. ನನ್ನದು ಅಂದಿತು, ಅದೂ ಅವ್ವನ ಎದುರಿಗೆ.

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು ನಾಲ್ಕು ಜನರಿಂದ ‘ಸಾವ್ಕಾರ್ರು’ ಎನಿಸಿಕೊಂಡವನು ನಾನು. ತಾನು ಮದುವೆಯಾದ ಹೊಸದರಲ್ಲಿ ಅಪ್ಪನ ಜೊತೆ ತುರುವೇಕೆರೆಯ ಟೆಂಟಿನಲ್ಲಿ ನೋಡಿದ್ದ ಸಿನಿಮಾವನ್ನು, ಕಣ್ಣು ಪೂರ್ತಿ ಮಂಜಾಗುವ ಮೊದಲು ಇನ್ನೊಮ್ಮೆ ನೋಡಬೇಕೆಂದು ಅವ್ವನ ಆಸೆ. ಕದ್ದ ಕಾಪಿಯನ್ನು ಪುಕ್ಕಟೆ ಕೊಡುತ್ತೇನೆಂದವರಿಗೆ ಬೇಡವೆಂದು, ಮರ್ಯಾದಸ್ಥನಂತೆ ದುಡ್ಡು ಕೊಟ್ಟು ಕಂಪ್ಯೂಟರಿನಲ್ಲಿ ಕೊಂಡೆ. ಅದರ ಪುಟ್ಟ ಪರದೆ ಅವ್ವನಿಗೆ ಕಾಣದು. ವೈರು ಎಳೆದು ಹಜಾರದ ದೊಡ್ಡ ಟೀವಿಗೆ ಸಿಕ್ಕಿಸಿದೆ. ಅವ್ವ ಒಳ್ಳೆಯ ಸೀರೆ ಉಟ್ಟು ಬಂದು ಕೂತಳು. ಹಾಡು ಶುರುವಾಯಿತು, ಟೀವಿ ಮಾತ್ರ ಕಪ್ಪಗೆ ನಿಂತಿತು.

‘ನನ್ ಕಣ್ಣೇ ಹೋಯ್ತೇನ್ಲಾ ಮಗಾ?’ ಎಂದಳು ಅವ್ವ, ಗಾಬರಿಯಿಂದ.

ಕಂಪ್ಯೂಟರ್ ರಿಪೇರಿಯ ಸಲೀಮನನ್ನು ಕರೆಸಿದೆ. ‘ವೈರೆಲ್ಲ ಸರಿಯಾಗೇ ಐತೆ ಸಾವ್ಕಾರ್ರೇ. ನಿಮ್ ಟೀವಿ ಹಳೇದು, ಕಾಪಿ ತಡೆಯೋ ಏರ್ಪಾಡು ಅದ್ರಲ್ಲಿಲ್ಲ. ಅದಕ್ಕೆ ಚಿತ್ರ ಬುಟ್ರೆ ನೀವು ಕಾಪಿ ಹೊಡೀತೀರ ಅಂತ ಕಂಪ್ಯೂಟ್ರಿಗೆ ಅನುಮಾನ. ಸಿನಿಮಾ ಮಾರೋ ಕಂಪ್ನಿಯೋರು ಒಳಗೇ ಬೀಗ ಹಾಕಿ ಕಳ್ಸಿರ್ತಾರೆ.’

‘ಕಂಪ್ಯೂಟರ್ ಯಾರ್ದಯ್ಯಾ?’

‘ನಿಮ್ದೇ.’

‘ಟೀವಿ?’

‘ಅದೂ ನಿಮ್ದೇ. ಬೀಗ ಮಾತ್ರ ಅವರ್ದು.’

ಮೈಯೆಲ್ಲ ಉರಿಯಿತು. ನಾನು ಮಾರಿದ ಕಾಯಿ ಚಟ್ನಿಗೆ ಹೋಯಿತೋ ದೇವರಿಗೆ ಹೋಯಿತೋ ಎಂದು ಗಿರಾಕಿಯ ಅಡುಗೆಮನೆಯಲ್ಲಿ ಕೂತು ಕಾದವನಲ್ಲ. ಈ ಕಂಪ್ಯೂಟರೋ, ನನ್ನ ಹಜಾರದಲ್ಲಿ, ನನ್ನ ಕರೆಂಟು ಕುಡಿಯುತ್ತ, ಯಾರದೋ ಪರವಾಗಿ ನನ್ನನ್ನೇ ಕಾಯುತ್ತಿದೆ! ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಅಲ್ಲವೇ? ಕದ್ದ ಕಾಪಿ ಇಟ್ಟುಕೊಂಡವನು ಗೋಡೆಯಗಲ ನೋಡುತ್ತಾನೆ. ಕೊಂಡವನ ತಾಯಿ ಕತ್ತಲೆ ನೋಡಬೇಕು.

‘ಕೊಳ್ಳೋವಾಗ್ಲೇ ನೀವು “ಒಪ್ಪಿದ್ದೇನೆ” ಅಂತ ಒತ್ತಿರ್ತೀರ’ ಎಂದ ಸಲೀಂ. ನಿಜ. ಮಾರುದ್ದ ಷರತ್ತುಗಳಿದ್ದವು, ಓದಿರಲಿಲ್ಲ.

‘ಕಿವಿ ಹತ್ರ ಆಡಿಸಿ, ಒಳಗೆ ಕೊಬ್ಬರಿ ಗಡಗಡ ಅಂದ್ರೇನೇ ಕಾಯಿ ಕೊಳ್ಳೋನು ನೀನು. ಇದನ್ನ ಆಡಿಸಿ ನೋಡ್ಲಿಲ್ವೇನ್ಲಾ?’ ಎಂದಳು ಅವ್ವ.

ಈ ದರಿದ್ರವನ್ನು ಗುಜರಿಗೆ ಹಾಕುತ್ತೇನೆಂದು ಕೂಗಾಡಿದೆ. ಅಷ್ಟರಲ್ಲಿ ಹಾಡೂ ನಿಂತಿತು. ಕಂಪ್ಯೂಟರಿನ ಪರದೆಯ ಮೇಲೆ ಹೊಸ ಷರತ್ತುಗಳು: ಒಪ್ಪಿದರೆ ಮಾತ್ರ ಮುಂದಕ್ಕೆ. ಅವ್ವ ಆ ಕಪ್ಪು ಟೀವಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

‘ಹಾಡಾದ್ರೂ ಹಾಕ್ಲಾ. ನಿಮ್ಮಪ್ಪ ಗುನುಗ್ತಿದ್ದ ಹಾಡು ಇನ್ನೂ ಬಂದಿಲ್ಲ’ ಎಂದಳು.

ಹಲ್ಲು ಕಡಿಯುತ್ತ ‘ಒಪ್ಪಿದ್ದೇನೆ’ ಒತ್ತಿದೆ. ಈ ಸಲವೂ ಓದಲಿಲ್ಲ.